ಹನ್ನೊಂದು ವರ್ಷದ ಮುತ್ತಜ್ಜಿಗೆ

ಹಿಜರಿ ೧೫೬೦, ಶಾಬಾನ್ ೩೧

ಮಾನ್ಯ ಮಹಾಜನರೇ, ಗಣ್ಯ ಗತಕಾಲದವರೇ, ವಿಶೇಷವಾಗಿ, ಸದ್ಯ ಹನ್ನೊಂದು ವರ್ಷದವರಾಗಿರುವ ನನ್ನ ಮುತ್ತಜ್ಜಿ ತಹೂರಾ ಬೇಗಂ ಅವರೇ,

ಚಂದ್ರನನ್ನು ನೋಡಿ ಎಣಿಸುವ ಶಾಬಾನ್ ತಿಂಗಳಿಗೆ ಮೂವತ್ತೊಂದನೇ ತಾರೀಖು ಇಲ್ಲ ಎನ್ನುತ್ತೀರಿ. ಗೊತ್ತು. ನಮ್ಮ ಕಾಲದಲ್ಲಿ ಚಂದ್ರನ ಮೇಲೆ ಮನೆ ಕಟ್ಟಿದ್ದಾರೆ, ಆದರೂ ಚಂದ್ರ ಕಂಡನೋ ಇಲ್ಲವೋ ಎಂಬ ಜಗಳ ತೀರಿಲ್ಲ. ಹೀಗಾಗಿ ಒಂದು ದಿನ ಹೆಚ್ಚಾಗಿದೆ. ನನ್ನ ಕನ್ನಡವೂ ನಿಮಗೆ ವಿಚಿತ್ರವೆನಿಸೀತು, ಕ್ಷಮಿಸಿ. ಪದ ಹಳತು, ಹದ ಹೊಸತು. ಮಾಸ್ತರರ ವಂಶ, ಪ್ರಾಸದ ಚಟ ಬಿಟ್ಟಿಲ್ಲ.

ನಮ್ಮ ಗಜೇಂದ್ರಗಡದಲ್ಲಿ ಈಗ ಮಸೀದಿಯ ಪಕ್ಕದಲ್ಲೇ ತಿದ್ದುಮನೆ ಇದೆ. ವಂಶವಾಹಿಯಲ್ಲಿನ ತಪ್ಪನ್ನು ಸರಿಪಡಿಸುವ ಔಷಧಕ್ಕೆ ನಾವು ತಿದ್ದುಮದ್ದು ಅನ್ನುತ್ತೇವೆ. ಜುಮ್ಮಾ ನಮಾಜು ಮುಗಿಸಿದವರು ಚಪ್ಪಲಿ ಹುಡುಕುತ್ತಲೇ ಅಲ್ಲಿ ಸಾಲು ನಿಲ್ಲುತ್ತಾರೆ. ಗೋಡೆಯ ಮೇಲೆ ಬರೆದಿದೆ: ರೋಗ ತಿದ್ದು, ರೂಪ ತಿದ್ದಬೇಡ. ಕಾಯಿಲೆಗೆ ಮದ್ದು ಮಾಡುವುದು ಕರ್ತವ್ಯ, ಅಲ್ಲಾಹನ ಸೃಷ್ಟಿಗೆ ಸೊಗಸು ಸೇರಿಸುವುದು ಅಧಿಕಪ್ರಸಂಗ ಎಂದು ಧರ್ಮ ಬಲ್ಲ ಉಲೇಮಾಗಳು ಎಂದೋ ಹೇಳಿಯಾಗಿದೆ. ಆದರೂ ವಾರಕ್ಕೊಬ್ಬರು ಬಂದು, ಹುಟ್ಟಲಿರುವ ಮಗನನ್ನು ಅರ್ಧ ಅಡಿ ಎತ್ತರ ಮಾಡಿಕೊಡಿ ಅನ್ನುತ್ತಾರೆ. ಅವರಿಗೆ ಏಣಿ ಕೊಳ್ಳಲು ಹೇಳಿ ಕಳಿಸುತ್ತಾರೆ. ಹೋದ ವರ್ಷ ಇನ್ನೊಂದು ತಕರಾರು: ಒಬ್ಬ ತಾಯಿಯ ಹಾಲು ಕುಡಿದವರು ಒಡಹುಟ್ಟಿದವರಂತೆ, ಅವರ ನಡುವೆ ಮದುವೆ ಕೂಡದು, ಹಾಗಾದರೆ ಒಬ್ಬರ ಅಸ್ಥಿಮಜ್ಜೆ ಹಂಚಿಕೊಂಡವರು? ವಾದ ರಂಜಾನಿಗೆ ಶುರುವಾಯಿತು. ಬಕ್ರೀದಿನ ಹೊತ್ತಿಗೆ ಮುಗಿಯಲಿಲ್ಲ, ಸುಸ್ತಾಯಿತು.

ನಿಮ್ಮ ಕಾಲದಲ್ಲಿ ಇದೆಲ್ಲ ಹೊಸದು. ನಿಮಗೆ ಥಲಸ್ಸೇಮಿಯಾ, ಹುಟ್ಟಿನಿಂದಲೇ ಬಂದ ರಕ್ತದ ಕಾಯಿಲೆ. ಯಾರ್ಯಾರದೋ ರಕ್ತ ಏರಿಸಿಕೊಂಡೇ ಬೆಳೆದಿರಿ. ತಿದ್ದುಮದ್ದು ಕೊಡಿಸೋಣವೆಂದಾಗ ನಿಮ್ಮ ದಾದಿಮಾ, ಅಂದರೆ ಅಪ್ಪನ ತಾಯಿ, ಕನ್ನಡ ಮಾಸ್ತರನಾದ ಮಗನನ್ನು, ಎಂದರೆ ನಿಮ್ಮ ಅಬ್ಬಾನನ್ನು, ಕೇಳಿದರಂತೆ: "ಅಲ್ಲಾಹ್ ಬರದದ್ದನ್ನ ತಿದ್ದಾಕ, ನೀ ಅವನಿಗೂ ಮಾಸ್ತರೇನು?"

ಮಾಸ್ತರರು ಧರ್ಮದ ತೀರ್ಪು ಹೇಳುವ ಮುಫ್ತಿ ಸಾಹೇಬರ ಬಳಿ ಹೋದರು. ರಕ್ತ ಹುಟ್ಟುವ ಮಜ್ಜೆಯನ್ನೇ ತಿದ್ದುತ್ತಾರೆ ಎಂದಾಗ, ಯಾರ ಮಜ್ಜೆ ಎಂದು ಅವರು ಕೇಳಿದರು. ಹುಡುಗಿಯದೇ, ತೆಗೆದು, ತಿದ್ದಿ, ಅವಳಿಗೇ ಮರಳಿಸುವುದು. ಪರರ ಅಂಶ ಬೆರೆಯುವುದಿಲ್ಲ, ತಿದ್ದಿದ್ದು ಮುಂದಿನ ಪೀಳಿಗೆಗೆ ಹೋಗುವುದೂ ಇಲ್ಲ. ಹಾಗಿದ್ದರೆ ಅಡ್ಡಿಯಿಲ್ಲ ಎಂದರು ಮುಫ್ತಿ. ಆಗ ಮಾಸ್ತರರು ದಾದಿಮಾಗೂ ಹೇಳದ ಮಾತು ಹೇಳಿದರು. ಮಜ್ಜೆ ಮರಳಿಸುವ ಮುಂಚೆ ಕೊಡುವ ಕಟು ಔಷಧದಿಂದ ಹುಡುಗಿಗೆ ಮುಂದೆ ಮಕ್ಕಳಾಗದೆ ಹೋಗಬಹುದು. ಮುಫ್ತಿ ಬಹಳ ಹೊತ್ತು ಗಡ್ಡ ನೀವಿಕೊಂಡರು. ಶರೀಅತ್ತು ಜೀವವನ್ನೂ ಕಾಯಲು ಹೇಳುತ್ತದೆ, ವಂಶವನ್ನೂ ಕಾಯಲು ಹೇಳುತ್ತದೆ. ಎರಡೂ ಒಟ್ಟಿಗೆ ಸಿಗದಿದ್ದರೆ?

"ಜೀವ ಮೊದಲು, ಮಾಸ್ತರ. ವಂಶ ಆಮೇಲೆ."

ಮುತ್ತಜ್ಜಿ, ನಾನು ಹುಟ್ಟಿದ್ದೇನೆ ಎಂದ ಮೇಲೆ ಆ ಭಯ ಸುಳ್ಳಾಯಿತೆಂದು ನೀವೇ ತಿಳಿಯಬಹುದು. ಆದ್ದರಿಂದ ನಿಮ್ಮಲ್ಲಿ ನನ್ನ ವಿನಂತಿ ಏನೆಂದರೆ...

ಸಾಕು. ಮರಿಮೊಮ್ಮಗ ಯಾರೂ ಇಲ್ಲ, ತಹೂರಾ. ನಾನು, ನಿನ್ನ ಅಬ್ಬಾ. ಆಸ್ಪತ್ರೆಯ ಕ್ಯಾಂಟೀನಿನಲ್ಲಿ ಕೂತು, ಅವನ ಬಾಯಿಂದ ಧೈರ್ಯ ಹೇಳಿಸಿಕೊಳ್ಳೋಣ ಅಂತ ನೋಡಿದೆ. ಆಗಲಿಲ್ಲ. ಡಾಕ್ಟರು ಮೇಲೆ ಕಾಯುತ್ತಿದ್ದಾರೆ, ಹೋಗಿ ಚಿಕಿತ್ಸೆಗೆ ಹೂಂ ಅನ್ನುತ್ತೇನೆ. ಅವನು ಬಂದರೆ ಬರಲಿ, ಬರದಿದ್ದರೆ ಇರಲಿ. ಅವನನ್ನು ನಾನು ನೋಡಿಲ್ಲ. ನಿನ್ನನ್ನು ನೋಡಿದ್ದೇನೆ.