ಕರೆಂಟ್ ಬಿಲ್ಲಿನ ಮೇಲೆ ನಿನ್ನ ಹೆಸರು

ಪ್ರೀತಿಯ ಮೊಂಡನಿಗೆ,

ಏಳು ವರ್ಷದ ಮೇಲೆ ಬರೆಯುತ್ತಿದ್ದೇನೆ. ಮೊದಲು ಚೆನ್ನಾಗಿ ಬೈಯಬೇಕೆಂದಿದ್ದೆ. ಅದು ಆಮೇಲೆ.

ಹೋದ ಸೋಮವಾರ ಲಾಂಡ್ರಿಯಲ್ಲಿ ಇಸ್ತ್ರಿ ಮಾಡುತ್ತಿದ್ದಾಗ ಫೋನಿಗೆ ಸಂದೇಶ ಬಂತು. ಈ ನಂಬರು ಯಾರ ಹೆಸರಿನಲ್ಲಿದೆಯೋ ಅವರು ಬಿಡುತ್ತಿದ್ದಾರೆ, ಬೇಕಿದ್ದರೆ ಶುಕ್ರವಾರದೊಳಗೆ ನಿಮ್ಮ ಹೆಸರಿಗೆ ಅರ್ಜಿ ಕೊಡಿ ಎಂದು. ಮನೆ ಬಿಟ್ಟು ಹೋದ ಮೇಲೂ ನನ್ನ ಫೋನಿನ ಬಿಲ್ಲು ನೀನೇ ಕಟ್ಟುತ್ತಿದ್ದೆ. ಒಂದು ಸಲವೂ ಕರೆ ಮಾಡಲಿಲ್ಲ. ಆದರೂ ಫೋನು ನಡೆಯುತ್ತಿದೆ ಎಂದರೆ ತಮ್ಮ ಎಲ್ಲೋ ಚೆನ್ನಾಗಿದ್ದಾನೆ ಎಂದುಕೊಂಡಿದ್ದೆ. ಈಗ ಯಾಕೆ ಬಿಟ್ಟೆಯೋ, ಕೈ ಖಾಲಿಯಾಯಿತೋ, ಅಕ್ಕ ಸಾಕಾದಳೋ. ಈ ನಂಬರು ಹೋದರೆ ನೀನು ಎಂದಾದರೂ ನನಗೆ ಕರೆ ಮಾಡುವ ದಾರಿಯೂ ಹೋಗುತ್ತದೆ.

ಫೋನಿನ ಅಂಗಡಿಗೆ ಓಡಿದೆ. ಕೌಂಟರಿನ ಹುಡುಗಿ ಕಂಪ್ಯೂಟರಿನಲ್ಲಿ ಹುಡುಕಿ, "ನಿಮ್ಮ ಹೆಸರಲ್ಲಿ ಏನೂ ಇಲ್ಲಮ್ಮ. ಸಾಲ ಇಲ್ಲ, ಕಾರ್ಡ್ ಇಲ್ಲ, ಒಂದು ಬಿಲ್ ಕೂಡ ಇಲ್ಲ. ತಿಂಗಳ ಬಿಲ್ಲಿನ ಕಾಂಟ್ರಾಕ್ಟ್ ಕೊಡೋಕಾಗಲ್ಲ" ಅಂದಳು.

"ಸಾಲ ಮಾಡದೇ ಇರೋದು ತಪ್ಪಾ?" ಅಂದೆ.

"ತಪ್ಪಲ್ಲ. ಆದ್ರೆ ನೀವು ಸರಿಯಾಗಿ ಕಟ್ತೀರಿ ಅಂತ ಗೊತ್ತಾಗೋದು ಹೇಗೆ?"

ಹೇಗೆ, ನೀನೇ ಹೇಳು. ಬಾಡಿಗೆ, ಕರೆಂಟು, ಗ್ಯಾಸು ಎಲ್ಲವನ್ನೂ "ಅಕ್ಕನಿಗ್ಯಾಕೆ ತಲೆನೋವು" ಎಂದು ನೀನು ನಿನ್ನ ಹೆಸರಿಗೇ ಮಾಡಿಸಿದ್ದೆ. ನೀನು ಹೋದ ಮೇಲೆ ನಾನು ಒಂದನ್ನೂ ಬದಲಾಯಿಸಲಿಲ್ಲ. ಹೆಸರು ತೆಗೆಸಿದರೆ ನೀನು ಬರುವುದೇ ಇಲ್ಲವೇನೋ ಎಂಬ ಹುಚ್ಚು. ಒಂದು ದಿನವೂ ತಡಮಾಡದೆ ಕಟ್ಟಿದ್ದು ನಾನು, ಒಳ್ಳೆಯ ಹೆಸರು ಬಂದದ್ದು ನಿನಗೆ. ಭಾರಿ ನಂಬಿಕಸ್ಥ ಆಗಿಬಿಟ್ಟಿದ್ದೀಯ ಕಣೋ.

ನೀನು ಕೆಲಸ ಕಳೆದುಕೊಂಡು ಬಂದ ದಿನ ಊಟಕ್ಕೆ ಕೂತಿದ್ದೆ. "ಈ ಮನೆ ನಡೀತಿರೋದು ನನ್ನ ದುಡಿಮೆಯಿಂದ, ನಿನ್ನ ಹೆಸರಿಂದಲ್ಲ" ಎಂದು ನಾನು ಅಂದುಬಿಟ್ಟೆ. ನೀನು ತಟ್ಟೆ ಸರಿಸಿ ಎದ್ದೆ. ಆ ಮಾತನ್ನು ನುಂಗಿಕೊಳ್ಳಬಾರದಿತ್ತೇ ಎಂದು ಎಷ್ಟು ಜನರ ಅಂಗಿಗೆ ನೀರಿನ ಬದಲು ಕಣ್ಣೀರು ಚಿಮುಕಿಸಿ ಇಸ್ತ್ರಿ ಮಾಡಿದ್ದೇನೋ. ತಪ್ಪು ನನ್ನದೇ.

ಹುಡುಗಿ ಒಳ್ಳೆಯವಳು. ಮೊದಲೇ ದುಡ್ಡು ಕಟ್ಟುವ ಪ್ಲಾನಿನಲ್ಲಿ ಅದೇ ನಂಬರು ಕೊಡಬಹುದು, ಆದರೆ ವಿಳಾಸಕ್ಕೆ ನನ್ನ ಹೆಸರಿನ ಒಂದು ಬಿಲ್ಲು ಬೇಕು ಎಂದಳು. ಬುಧವಾರ ಕರೆಂಟ್ ಆಫೀಸಿಗೆ ಹೋದೆ. ಗುಮಾಸ್ತರು ನಿನ್ನ ಹೆಸರಿನ ಮೇಲೆ ಗೆರೆ ಎಳೆಯುವಾಗ ನೋಡಲಾಗದೆ ಗೋಡೆ ಗಡಿಯಾರ ನೋಡುತ್ತ ನಿಂತೆ. ಮನೆ ಬಾಗಿಲ ಮೇಲಿನ ನಿನ್ನ ಹೆಸರನ್ನು ಮಾತ್ರ ಮುಟ್ಟಿಲ್ಲ.

ನನ್ನ ಹೆಸರಿನ ಬಿಲ್ಲು ಹಿಡಿದು ಮತ್ತೆ ಫೋನಿನ ಅಂಗಡಿಗೆ ಬಂದಿದ್ದೇನೆ. ಇನ್ನು ನಂಬರು ಬಿಟ್ಟುಕೊಡುವವರ, ಅಂದರೆ ನಿನ್ನ ಸಹಿ ಬೇಕಂತೆ. ಅದು ಬರುವವರೆಗೆ ಒಂದು ತಿಂಗಳು ನಂಬರು ಹಿಡಿದಿಟ್ಟಿರುತ್ತಾರೆ. ನಿನ್ನ ವಿಳಾಸ ನನಗೆ ಹೇಳುವಂತಿಲ್ಲ, ಫಾರಂ ಅಂಗಡಿಯವರೇ ಕಳಿಸುತ್ತಾರೆ. ಅದರೊಳಗೆ ಈ ಕಾಗದ ಮಡಚಿ ಇಡುತ್ತಿದ್ದೇನೆ. ಹುಡುಗಿ ಕಂಡೂ ಕಾಣದ ಹಾಗೆ ಇದ್ದಾಳೆ.

ಗುರುತು ಹಾಕಿದ ಕಡೆ ಸಹಿ ಮಾಡು. ಆದರೆ ಅಂಚೆಗೆ ಹಾಕಬೇಡ. ನೀನೇ ತಂದುಕೊಡು.

ಎಲ್ಲಿದ್ದರೂ ಹೊಟ್ಟೆ ತುಂಬ ಉಣ್ಣು, ತಣ್ಣಗಿರು.

ಇನ್ನೂ ಅದೇ ನಂಬರಿನಲ್ಲಿರುವ
ನಿನ್ನ ಅಕ್ಕ