ನಮ್ಮ ಗುಡ್ಡದ ಮಳೆ, ಅವರ ವರದಿಯ ನೀರು

ಷೇರುಪೇಟೆಯ ಕಂಪನಿಗಳು ಬರೆದುಕೊಟ್ಟ ಸುಸ್ಥಿರತಾ ವರದಿಗಳನ್ನು ಸ್ವೀಕರಿಸಿ ಜೋಪಾನವಾಗಿಡುವ ಮಾನ್ಯ ಅಧಿಕಾರಿಗಳೇ,

ಕೊಪ್ಪ ತಾಲ್ಲೂಕಿನ ಕಮ್ಮರಡಿಯ ಹತ್ತಿರದ ಒಂದು ಗುಡ್ಡದ ಮೇಲೆ ತಂಪು ಪಾನೀಯದ ಕಂಪನಿಯೊಂದು ಸಾಲುಸಾಲಾಗಿ ಇಂಗುಗುಂಡಿ ತೋಡಿದೆ. ಈ ಸಲದ ಮಳೆಗಾಲ ಹಿಡಿಯುವ ಮೊದಲು ಆ ಗುಂಡಿಗಳನ್ನು ಮುಚ್ಚಬೇಕು. ಮುಚ್ಚದಿದ್ದರೆ ಗುಡ್ಡದ ಬುಡದಲ್ಲಿರುವ ಸಣ್ಣಕ್ಕನ ಮನೆ ಮಣ್ಣಿನಡಿ ಹೋಗುತ್ತದೆ. ಕಂಪನಿ ಮುಚ್ಚುವುದಿಲ್ಲ ಎನ್ನುತ್ತಿದೆ. ಕಾರಣ ಕೇಳಿದರೆ, ಅವು ನಿಮಗೆ ಸಲ್ಲಿಸಿದ ವರದಿಯಲ್ಲಿವೆಯಂತೆ. ವರದಿಯಲ್ಲಿರುವ ಗುಂಡಿ ಗುಡ್ಡದ ಮೇಲೂ ಇರಲೇಬೇಕಂತೆ. ನಾನು ಇಷ್ಟು ವರ್ಷ ವ್ಯಾಪಾರ ಮಾಡಿ ತರಹೇವಾರಿ ನೆಪಗಳನ್ನು ಕೇಳಿದ್ದೇನೆ, ಇಷ್ಟು ನಾಚಿಕೆಗೆಟ್ಟದ್ದನ್ನು ಕೇಳಿರಲಿಲ್ಲ.

ನಾನು ಯಾರೆಂದು ಹೇಳಿಬಿಡುತ್ತೇನೆ. ಕಮ್ಮರಡಿಯಲ್ಲಿ ಪಂಪು, ಪೈಪು, ವಾಲ್ವು ಮಾರುವ ಅಂಗಡಿ ನನ್ನದು. ಸಣ್ಣಕ್ಕ ನನ್ನ ನೆಂಟರಲ್ಲ. ರಸ್ತೆ ಬದಿಯ ಅವರ ಹೋಟೆಲಿನಲ್ಲಿ ದಿನಾ ಬೆಳಿಗ್ಗೆ ಬನ್ಸ್ ತಿಂದು ಚಹಾ ಕುಡಿಯುವ ಗಿರಾಕಿ ನಾನು. ಮುಂದೆ ಹೋಟೆಲು, ಹಿಂದೆ ಮನೆ, ಮನೆಗೆ ತಾಗಿದಂತೆ ಧರೆ, ಅಂದರೆ ಮನೆಗೆ ಜಾಗ ಮಾಡಲು ಗುಡ್ಡ ಕಡಿದಾಗ ಹಿಂದೆ ಉಳಿಯುವ ಮಣ್ಣಿನ ಗೋಡೆ. ಆ ಮನೆಯಲ್ಲಿ ಸಣ್ಣಕ್ಕ ಮತ್ತು ಅವರ ಮಗಳು ಅರ್ಪಣಾ ಇರುತ್ತಾರೆ. ಇನ್ನು ಕಂಪನಿಗೂ ನನಗೂ ಏನು ಸಂಬಂಧ ಎಂದರೆ, ನಾನು ಅದರ ಷೇರುದಾರ. ಟಿವಿಯಲ್ಲಿ ಯಾರೋ ಕೊಳ್ಳಿ ಎಂದರು, ಒಂದಿಷ್ಟು ಕೊಂಡೆ. ಹಾಗಾಗಿ ಸುಸ್ಥಿರತಾ ವರದಿ ನನ್ನ ಫೋನಿಗೇ ಬಂತು. ಯಾರೂ ಓದುವುದಿಲ್ಲ ಎಂಬ ಧೈರ್ಯದಿಂದ ಬರೆದ ಬರಹ ಅದು. ನಾನು ಓದಿಬಿಟ್ಟೆ, ದೊಡ್ಡ ಮನಸ್ಸು ಮಾಡಿ ಕ್ಷಮಿಸಬೇಕು.

ಮುಖಪುಟದಲ್ಲಿ ಅಂಗೈ, ಅಂಗೈಯೊಳಗೆ ಮಣ್ಣು, ಮಣ್ಣಿನಲ್ಲಿ ಎರಡೆಲೆಯ ಸಸಿ. ಈ ಸಸಿ ಎಲ್ಲ ಕಂಪನಿಗಳ ವರದಿಯಲ್ಲೂ ಇರುತ್ತದೆ ಎಂದು ಕೇಳಿದ್ದೇನೆ. ಪಾಪ, ಎಲ್ಲಿಯೂ ಮೂರನೇ ಎಲೆ ಬಿಟ್ಟಂತಿಲ್ಲ. ಒಳಗೆ ಅಧ್ಯಕ್ಷರ ಸಂದೇಶ: ನಾವು ಭೂತಾಯಿಯಿಂದ ಪಡೆದ ನೀರಿಗಿಂತ ಹೆಚ್ಚು ನೀರನ್ನು ಆಕೆಗೆ ಹಿಂತಿರುಗಿಸಿದ್ದೇವೆ, ನಾವೀಗ ವಾಟರ್ ಪಾಸಿಟಿವ್. ಓದಿ ನನಗೂ ಹೆಮ್ಮೆಯಾಯಿತು. ಆಮೇಲೆ, ಪಡೆದದ್ದು ಎಲ್ಲಿಂದ, ಹಿಂತಿರುಗಿಸಿದ್ದು ಎಲ್ಲಿಗೆ ಎಂದು ಹುಡುಕಿದೆ. ಪಡೆದದ್ದು ಬಯಲುಸೀಮೆಯ ಕಾರ್ಖಾನೆಯ ಕೊಳವೆಬಾವಿಗಳಿಂದ. ಅಲ್ಲಿಯ ಊರಿನವರು ಈಗ ಟ್ಯಾಂಕರ್ ಬರುವ ಹೊತ್ತಿಗೆ ಕೊಡ ಸಾಲಿಗಿಡುತ್ತಾರೆ. ಹಿಂತಿರುಗಿಸಿದ್ದು ನಮ್ಮ ಗುಡ್ಡಕ್ಕೆ! ಪಕ್ಕದ ಮನೆಯ ಬಾವಿ ಬರಿದು ಮಾಡಿ, ಶೃಂಗೇರಿಗೆ ಹೋಗಿ ತುಂಗೆಗೆ ಒಂದು ಕೊಡ ನೀರು ಸುರಿದು, ತಗೊಂಡದ್ದು ಕೊಟ್ಟಾಯಿತು ಎಂದಂತೆ ಇದು.

ಇಲ್ಲಿಗೇ ಯಾಕೆ ಬಂದರು ಎಂಬುದರಲ್ಲಿ ಗುಟ್ಟೇನೂ ಇಲ್ಲ. ಗುಂಡಿ ಎಷ್ಟು ಸಲ ತುಂಬುತ್ತದೋ ಅಷ್ಟು ಸಲ ಅದರ ನೀರನ್ನು ತಮ್ಮ ಲೆಕ್ಕಕ್ಕೆ ಬರೆದುಕೊಳ್ಳಬಹುದು. ಬಯಲಿನಲ್ಲಿ ತೋಡಿದರೆ ಗುಂಡಿ ವರ್ಷವಿಡೀ ಆಕಾಶ ನೋಡುತ್ತಾ ಕೂರುತ್ತದೆ. ನಮ್ಮಲ್ಲಿ ಬೆಳಗಾದರೆ ತುಂಬಿರುತ್ತದೆ, ಸಂಜೆಗೆ ಮತ್ತೆ ತುಂಬುತ್ತದೆ. ನರಸಿಂಹರಾಜಪುರ ತಾಲ್ಲೂಕಿನ ಮುತ್ತಿನಕೊಪ್ಪದ ಕೆಲವರು ನನ್ನ ಗಿರಾಕಿಗಳು. ಅಲ್ಲಿ ಮಳೆ ನಮ್ಮಷ್ಟಿಲ್ಲ, ಬೇಸಿಗೆಯಲ್ಲಿ ನೀರಿಗೆ ಪರದಾಟ. ನಮ್ಮೂರಿಗೂ ತೋಡಿಕೊಡಿ ಎಂದು ಅವರು ಇದೇ ಕಂಪನಿಯವರನ್ನು ಕೇಳಿದರು. ನಿಮ್ಮ ಜಾಗ ನಮ್ಮ ಮಾನದಂಡಕ್ಕೆ ಹೊಂದುವುದಿಲ್ಲ ಎಂಬ ಉತ್ತರ ಬಂತು. ನೀರು ಬೇಕಾದವರಿಗೆ ಗುಂಡಿ ಇಲ್ಲ, ನೀರು ಸಾಕಪ್ಪಾ ಸಾಕು ಎನ್ನುವವರ ತಲೆಯ ಮೇಲೆ ಗುಂಡಿ. ಮಾನ್ಯರೇ, ಈ ಮಾನದಂಡವನ್ನು ಬರೆದವರು ಯಾರು? ಅವರು ಎಂದಾದರೂ ಮಳೆಯಲ್ಲಿ ನಿಂತಿದ್ದರೇ?

ನಾವು ಹೇಗೆ ಒಪ್ಪಿದೆವು ಎಂದು ನೀವು ಕೇಳುತ್ತೀರಿ. ಗ್ರಾಮಸಭೆಯಲ್ಲಿ ಕೈ ಎತ್ತಿದ್ದೀರಲ್ಲ ಎಂದು ಕಂಪನಿಯವರೂ ಕೇಳುತ್ತಾರೆ. ಎತ್ತಿದ್ದೇವೆ, ಸುಳ್ಳು ಹೇಳುವುದಿಲ್ಲ. ನಮ್ಮಲ್ಲಿ ಮಳೆಗೆ ಮುಂಚೆ ಪ್ರತಿ ಗುಡ್ಡದ ಮೇಲೂ ಒಂದು ಕೆಲಸ ಇರುತ್ತದೆ. ಮೇಲಿನ ನೀರು ಧರೆಯ ಮೇಲೆ ಬೀಳದಂತೆ ಅಡ್ಡ ತಿರುಗಿಸಿ ಹಳ್ಳಕ್ಕೆ ಬಿಡುವ ಕಾಲುವೆಯನ್ನು ಬಿಡಿಸಬೇಕು. ಅದನ್ನು ಅಗಳು ಎನ್ನುತ್ತೇವೆ. ಇವತ್ತು ನಮ್ಮ ಮನೆಯ ಅಗಳಿಗೆ ನೀವು, ನಾಳೆ ನಿಮ್ಮ ಮನೆಯದಕ್ಕೆ ನಾವು ಎಂದು ಮುಯ್ಯಾಳು ಲೆಕ್ಕದಲ್ಲಿ ಮಾಡುವ ಕೆಲಸ. ಈಗ ಆಳೂ ಇಲ್ಲ, ಸೊಂಟವೂ ಇಲ್ಲ. ಹಾಗಿರುವಾಗ ಕಂಪನಿಯವರು ಬಂದು, ಮಳೆನೀರಿನ ಕೆಲಸಕ್ಕೆ ಗುಡ್ಡದ ಮೇಲೆ ಹಿಟಾಚಿ ತಂದು ಅಗೆಯುತ್ತೇವೆ, ಖರ್ಚು ನಮ್ಮದು ಎಂದರು. ಅಗಳು ಬಿಡಿಸುತ್ತಾರೆ ಎಂದುಕೊಂಡೆವು. ಯಾರೂ ಎರಡನೇ ಪ್ರಶ್ನೆ ಕೇಳಲಿಲ್ಲ, ಏಕೆಂದರೆ ಈ ಸೀಮೆಯಲ್ಲಿ ಗುಡ್ಡದ ಮೇಲೆ ಅಗೆಯುವುದು ನೀರನ್ನು ಕಳಿಸಲಿಕ್ಕೆ. ಇಷ್ಟು ಮಳೆ ಸುರಿಯುವ ಕಡೆ ಮನೆಯ ನೆತ್ತಿಯ ಮೇಲೆ ನೀರು ನಿಲ್ಲಿಸಲು ದುಡ್ಡು ಖರ್ಚು ಮಾಡುವವರು ಇದ್ದಾರೆಂದು ನಮಗೆ ಕನಸೂ ಬಿದ್ದಿರಲಿಲ್ಲ. ಹಿಟಾಚಿಯ ಡ್ರೈವರಿಗೆ ಸಣ್ಣಕ್ಕನೇ ಊಟ ಹಾಕಿದರು, ಕಾಸು ತೆಗೆದುಕೊಳ್ಳಲಿಲ್ಲ.

ಕೆಲಸ ಮುಗಿದ ಮೇಲೆ ಸಣ್ಣಕ್ಕ ಗುಡ್ಡ ಹತ್ತಿ ನೋಡಿದರೆ ಇದ್ದ ಅಗಳೂ ಇಲ್ಲ. ಅದನ್ನು ಕತ್ತರಿಸಿಕೊಂಡು ಮೇಲಿಂದ ಕೆಳಗೆ ಗುಂಡಿಗಳು. ಕಂಪನಿಯ ಕ್ಷೇತ್ರಾಧಿಕಾರಿ ಮೇಘನ ಎಂಬ ಹುಡುಗಿ ಫೋಟೋ ತೆಗೆಯುತ್ತಿದ್ದರು. ನಾನೂ ಜೊತೆಗಿದ್ದೆ.

"ಇದೆಂತ ಮಾರಾಯ್ತಿ? ಅಗಳೆಲ್ಲಿ? ನೀರು ಇಳಿದು ಹೋಗಕ್ಕೆ ದಾರಿ ಬೇಡ್ವಾ?" ಎಂದರು ಸಣ್ಣಕ್ಕ.

"ಹೋಗೋದು ಬೇಡ ಆಂಟಿ, ಇಲ್ಲೇ ಇಂಗಲಿ ಅಂತಾನೇ ಮಾಡಿರೋದು."

"ಇಲ್ಲಿ ಇಂಗಿದ್ದು ಬರೋದು ನನ್ನ ಅಡುಗೆಮನೆಗಲ್ವನೇ?"

ಆ ಹುಡುಗಿ ಮತ್ತೆ ಕ್ಯಾಮೆರಾ ಎತ್ತಿದರು. ಬೈಯಲು ನನಗೆ ಮನಸ್ಸು ಬರಲಿಲ್ಲ, ಆಕೆಗೆ ಕಲಿಸಿಕೊಟ್ಟದ್ದೇ ಅಷ್ಟು. ಸಣ್ಣಕ್ಕ ಮಾತ್ರ ಒಂದು ಗುಂಡಿಯ ಕಡೆ ಕೈ ಮಾಡಿ ಕೂಗಾಡಿದರು. ಆ ಕ್ಷಣವೂ ಕ್ಯಾಮೆರಾಕ್ಕೆ ಸಿಕ್ಕಿತು. ವರದಿಯಲ್ಲಿ ಇಡೀ ಪುಟಕ್ಕೆ ಅದೇ ಚಿತ್ರ. ಕೆಳಗೆ ಬರೆದಿದ್ದಾರೆ: ತನ್ನೂರಿನ ಜಲಸಂಪತ್ತನ್ನು ಹೆಮ್ಮೆಯಿಂದ ತೋರಿಸುತ್ತಿರುವ ಫಲಾನುಭವಿ ಮಹಿಳೆ. ಮೈಲಿಗಟ್ಟಲೆ ನಡೆದು ನೀರು ತರುತ್ತಿದ್ದ ಈಕೆಯ ಬದುಕು ಬದಲಾಗಿದೆಯಂತೆ. ಸಣ್ಣಕ್ಕನ ನಲ್ಲಿ ಹಿತ್ತಲ ಬಾಗಿಲಿನ ಪಕ್ಕದಲ್ಲೇ ಇದೆ. ಪೈಪು ನನ್ನ ಅಂಗಡಿಯದು.

ಬದುಕು ಬದಲಾದದ್ದು ಮಾತ್ರ ನಿಜ. ಹೋದ ವರ್ಷದ ಆಟಿ ತಿಂಗಳ ಜಡಿಮಳೆಯಲ್ಲಿ ಅಡುಗೆಮನೆಯ ನೆಲ ಅಡಿಯಿಂದ ಒಸರತೊಡಗಿತು. ಆಮೇಲೆ ಧರೆಯ ನೆತ್ತಿಯಲ್ಲಿ ಬಿರುಕು ಬಿಟ್ಟಿತು. ಒಂದು ಮಧ್ಯಾಹ್ನ ಧರೆಯ ಒಂದು ಮಗ್ಗುಲು ಜಾರಿ ಬಚ್ಚಲುಮನೆಯನ್ನು ಹೂತುಹಾಕಿತು. ಅರ್ಪಣಾ ಆಗಷ್ಟೇ ಸ್ನಾನ ಮುಗಿಸಿ ಹೊರಗೆ ಬಂದಿದ್ದಳು. ಆ ಹುಡುಗಿ ಕೂದಲು ಒರೆಸಿಕೊಳ್ಳುತ್ತಾ ಮಣ್ಣಿನ ರಾಶಿಯನ್ನು ನೋಡುತ್ತಾ ನಿಂತದ್ದು ಇವತ್ತಿಗೂ ಕಣ್ಣ ಮುಂದಿದೆ.

ಅದೇ ತಿಂಗಳಲ್ಲಿ ನಿಮ್ಮ ನಿಯಮದಂತೆ ಸ್ವತಂತ್ರ ಪರಿಶೀಲಕರೊಬ್ಬರು ಬಂದರು. ಒಳ್ಳೆಯ ಬೂಟು ಹಾಕಿದ್ದರು. ಗುಡ್ಡವನ್ನು ಹತ್ತು ಮಾರು ಹತ್ತುವಷ್ಟರಲ್ಲಿ ಬೂಟಿನ ಮೇಲೆ ಉಂಬಳ ಕಂಡಿತು. ಜಿಗಣೆಯ ಜಾತಿ, ರಕ್ತ ಹೀರುತ್ತದೆ, ಆದರೆ ಅಂಥ ದೊಡ್ಡ ಪ್ರಾಣಿಯೇನಲ್ಲ. ಸಾಹೇಬರು ಓಡಿಬಂದು ಸಣ್ಣಕ್ಕನ ಹೋಟೆಲಿನಲ್ಲಿ ಕೂತರು. ಡ್ರೋನ್ ಹಾರಿಸೋಣ ಎಂದರೆ ಮಂಜು. ಕೊನೆಗೆ ಬನ್ಸ್ ತಿಂದು, ಮೇಘನ ತೋರಿಸಿದ ಫೋಟೋಗಳನ್ನು ಫೋನಿನಲ್ಲಿ ನೋಡಿ, ಚೆನ್ನಾಗಿದೆ ಎಂದು ಎದ್ದು ಹೋದರು. ಹಿಂದಿನ ಬಾಗಿಲು ತೆರೆದಿದ್ದರೆ ಜಾರಿಬಿದ್ದ ಧರೆ ಕಾಣುತ್ತಿತ್ತು. ಬನ್ನಿ ನೋಡಿ ಎಂದು ಸಣ್ಣಕ್ಕ ಕರೆದರು. ಅದು ತಮ್ಮ ವ್ಯಾಪ್ತಿಗೆ ಬರುವುದಿಲ್ಲವೆಂದರು. ಅವರ ಪ್ರಮಾಣಪತ್ರ ವರದಿಯ ಕೊನೆಯಲ್ಲಿ ಅಚ್ಚಾಗಿದೆ, ಅದನ್ನು ನೋಡಿಯೇ ನೀವು ನಂಬಿದ್ದೀರಿ.

ಷೇರುದಾರನೆಂಬ ಹಕ್ಕಿನಿಂದ ನಾನು ಕಂಪನಿಯ ಸುಸ್ಥಿರತಾ ವಿಭಾಗಕ್ಕೆ ಫೋನ್ ಮಾಡಿದೆ. ಬಹಳ ವಿನಯದ ಮನುಷ್ಯ ಸಿಕ್ಕರು.

"ಸರ್, ಅದು ರಿಪೋರ್ಟ್ ಆಗಿರೋ ಅಸೆಟ್. ಐದು ವರ್ಷ ಮೇಂಟೈನ್ ಮಾಡ್ತೀವಿ ಅಂತ ಹೇಳಿದ್ದೀವಿ. ಈಗ ಮುಚ್ಚಿದ್ರೆ ಹೋದ ವರ್ಷದ ಫಿಗರ್ ಎಲ್ಲಾ ತಿದ್ದಬೇಕಾಗುತ್ತೆ."

"ಧರೆ ಕುಸಿದು ಮನೆ ಹೋದ್ರೆ?"

"ಅದಕ್ಕೆ ಬೇರೆ ಡಿಪಾರ್ಟ್‌ಮೆಂಟ್ ಇದೆ ಸರ್."

ನಾವೇ ಮುಚ್ಚಿಕೊಳ್ಳುತ್ತೇವೆ ಎಂದೆ. ವಾರದೊಳಗೆ ವಕೀಲರ ನೋಟಿಸು ಬಂತು. ಜಲಸಂರಕ್ಷಣಾ ರಚನೆಗಳಿಗೆ ಹಾನಿ ಮಾಡಿದರೆ ಮೊಕದ್ದಮೆ ಹೂಡುತ್ತಾರಂತೆ. ಸಣ್ಣಕ್ಕನ ಹೆಸರಿಗೂ ಒಂದು ಬಂದಿದೆ. ಫಲಾನುಭವಿಯ ಮೇಲೆ ಫಲವನ್ನು ಹಾಳುಮಾಡುವ ಆರೋಪ, ಇದಕ್ಕೆ ನಿಮ್ಮ ನಮೂನೆಯಲ್ಲಿ ಯಾವ ಕಾಲಂ ಇದೆ?

ಈಗ ನಮ್ಮ ಬೇಡಿಕೆ. ಮೃಗಶಿರಾ ಮಳೆ ಹುಟ್ಟುವ ಮೊದಲು ಕಂಪನಿಯಿಂದಲೇ ಆ ಗುಂಡಿಗಳನ್ನು ಮುಚ್ಚಿಸಿ, ಅಗಳನ್ನು ಮೊದಲಿದ್ದಂತೆ ಬಿಡಿಸಿಕೊಡಿ. ನಮ್ಮ ಗುಡ್ಡದ ಮಳೆಯನ್ನು ಅವರ ಲೆಕ್ಕದಿಂದ ತೆಗೆಸಿ, ಹಾಗೆ ತೆಗೆದಿದ್ದೇವೆಂದು ಅಷ್ಟೇ ಬಣ್ಣದ ಪುಟದಲ್ಲಿ ಅಚ್ಚು ಹಾಕಿಸಿ. ತೆಗೆದ ನೀರನ್ನು ತೆಗೆದ ಊರಿಗೇ ಹಿಂತಿರುಗಿಸಬೇಕೆಂದು ಒಂದು ಸಾಲಿನ ನಿಯಮ ಮಾಡಿ. ಇದೊಂದೂ ನಿಮ್ಮಿಂದಾಗದಿದ್ದರೆ, ಮೃಗಶಿರಾಕ್ಕೆ ಮುಂಚಿನ ಭಾನುವಾರ ಊರಿನವರೆಲ್ಲ ಮುಯ್ಯಾಳಾಗಿ ಹಾರೆ, ಗುದ್ದಲಿ ಹಿಡಿದು ಹತ್ತುತ್ತೇವೆ. ಮೊಕದ್ದಮೆಗೆ ಬೇಕಾದ ಹೆಸರುಗಳನ್ನು ಅಲ್ಲೇ ನಿಂತು ಬರೆದುಕೊಡುತ್ತೇವೆ, ಮೊದಲನೆಯದು ನನ್ನದು.

ಈ ಪತ್ರವನ್ನು ಕಳಿಸುವ ಮೊದಲು ಸಣ್ಣಕ್ಕನಿಗೆ ಓದಿ ಹೇಳಿದೆ. ಬಾಣಲೆಯಿಂದ ಕಣ್ಣು ತೆಗೆಯದೆ ಕೇಳಿಸಿಕೊಂಡರು. ಆಮೇಲೆ ಹೇಳಿದರು: "ಕಲ್ಲೇಶಣ್ಣ, ಗುಂಡಿ ಮುಚ್ಚಿದ್ರೆ ಅವರ ಲೆಕ್ಕ ತಪ್ತದೆ ಅಂತೀರಿ. ನಾನೂ ಅರ್ಪಣಾನೂ ಹೋದ್ರೆ ಎಂತ ತಪ್ತದೆ? ಅದನ್ನೊಂದು ಕೇಳಿ ಬರೀರಿ."

ವರದಿಯನ್ನು ಮತ್ತೆ ಮೊದಲಿನಿಂದ ಕೊನೆಯವರೆಗೆ ನೋಡಿದೆ. ಏನೂ ತಪ್ಪುವುದಿಲ್ಲ.

ಇಂತಿ,
ಅಚ್ಚಾದ ಪುಟಗಳ ಪ್ರಕಾರ ಬಹಳ ಸಂತೋಷದಿಂದಿರುವ ಊರಿನ,
ಲಾಭಾಂಶ ಮುಟ್ಟಲು ಕೈ ಬಾರದ ಅದೇ ಕಂಪನಿಯ ಷೇರುದಾರ,
ಕಲ್ಲೇಶಪ್ಪ
ಕಮ್ಮರಡಿ, ಕೊಪ್ಪ ತಾಲ್ಲೂಕು