ಬಾಲ ಹೊರಗಿಟ್ಟ ಹನ್ನೆರಡು ಸುರುಳಿಗಳು

ಬಾಹ್ಯಾಕಾಶ ಸಂಸ್ಥೆಯ ಹಳೆಯ ದಾಖಲೆಗಳ ವಿಲೇವಾರಿ ಅಧಿಕಾರಿಗಳಿಗೆ,

ಮಾನ್ಯರೇ,

ಈ ಸೋಮವಾರ ಗುಜರಿಗೆ ಹಾಕಿ ಎಂದು ನೀವು ಸಹಿ ಮಾಡಿದ ನಾನೂರ ಹನ್ನೆರಡು ಟೇಪುಗಳು ಖಾಲಿಯಲ್ಲ. ಇದನ್ನು ನನಗೆ ಮೊದಲು ಹೇಳಿದವಳು ನನ್ನ ಸೋದರತ್ತೆ. ಹೇಳಿದ್ದು ಹದಿನಾರು ವರ್ಷದ ಹಿಂದೆ, ಅವಳು ನಿಮ್ಮದೇ ಸಂಸ್ಥೆಯಿಂದ ನಿವೃತ್ತಳಾದ ವಾರ, ಒಣಗಿದ ಬಟ್ಟೆ ಮಡಚುತ್ತಾ ಕೂತಿದ್ದಾಗ. ಅಂದು ನಾನು ಅದನ್ನು ಮನೆಯ ಕಥೆ ಎಂದುಕೊಂಡು ಕೇಳಿದೆ. ಈಗ ಅದು ನಿಮ್ಮ ಕಡತದ ಕಥೆಯೂ ಆಗಿರುವುದರಿಂದ, ಕೇಳಿದಷ್ಟನ್ನು ಕೇಳಿದಂತೆಯೇ ನಿಮಗೂ ಹೇಳುತ್ತೇನೆ. ನೀವು ಕೇಳುವ ಅಭ್ಯಾಸ ಬಿಟ್ಟು ಬಹಳ ದಿನವಾಗಿರಬಹುದು. ಓದುವ ಅಭ್ಯಾಸವಾದರೂ ಉಳಿದಿದ್ದೀತು.

ಐವತ್ತು ವರ್ಷದ ಹಿಂದೆ ನಿಮ್ಮ ಸಂಸ್ಥೆ ಮೊದಲ ಉಪಗ್ರಹ ಹಾರಿಸಿತು. ಅಡುಗೆಮನೆಯ ಗ್ಯಾಸ್ ಸಿಲಿಂಡರಿಗಿಂತ ಸ್ವಲ್ಪ ದೊಡ್ಡದು, ಅಷ್ಟೆ. ದಿನಕ್ಕೆ ಎರಡು ಸಲ ಅದು ನಿಮ್ಮ ಕೇಂದ್ರದ ಮೇಲೆ ಹಾದುಹೋಗುತ್ತಿತ್ತು. ಹತ್ತು ನಿಮಿಷ ತಲೆಯ ಮೇಲಿರುತ್ತಿತ್ತು. ಆ ಹತ್ತು ನಿಮಿಷದಲ್ಲಿ ಅದು ಹೇಳಿದ್ದೆಲ್ಲ ಒಂದೊಂದು ಕಾಂತೀಯ ಟೇಪಿನ ಸುರುಳಿಯ ಮೇಲೆ ಮುದ್ರಣವಾಗಬೇಕು. ಆ ಟೇಪುಗಳನ್ನು ಯಂತ್ರಕ್ಕೆ ಏರಿಸುವುದು, ಇಳಿಸುವುದು, ಡಬ್ಬಿಗೆ ಹಾಕಿ ಚೀಟಿ ಅಂಟಿಸುವುದು ನನ್ನ ಅತ್ತೆಯ ಕೆಲಸ. ನಿಮ್ಮ ಹಾಜರಿ ಪುಸ್ತಕದಲ್ಲಿ ಅವಳ ಹುದ್ದೆ 'ಸಹಾಯಕಿ'. ಯಾರಿಗೆ ಸಹಾಯಕಿ ಎಂದು ಅದರಲ್ಲಿ ಬರೆದಿಲ್ಲ. ಆ ಕೋಣೆಯಲ್ಲಿ ಅವಳಲ್ಲದೆ ಬೇರೆ ಯಾರೂ ಇರಲೇ ಇಲ್ಲ.

ಪಕ್ಕದ ಕೋಣೆಯಲ್ಲಿ, ಉಪಗ್ರಹಕ್ಕೆ ಆಜ್ಞೆ ಕಳಿಸುವ ಮೇಜಿನ ಮುಂದೆ ಕೂರುತ್ತಿದ್ದವರು ಮುಂದೆ ಅತ್ತೆಯನ್ನು ಮದುವೆಯಾಗಿ ನನ್ನ ಮಾವನಾದರು. ನಲವತ್ತೊಂದನೇ ದಿನ ಬೆಳಿಗ್ಗೆ ಉಪಗ್ರಹದ ಬ್ಯಾಟರಿ ಚಳಿಗೆ ಸೋಲತೊಡಗಿದೆ ಎಂದು ಅವರ ಮುಂದಿನ ಮೀಟರುಗಳ ಮುಳ್ಳುಗಳು ತೋರಿಸಿದವು. ದೊಡ್ಡ ಪ್ರಸಾರಕವನ್ನು ಆರಿಸಿದರೆ ಅದು ತಿನ್ನುತ್ತಿದ್ದ ವಿದ್ಯುತ್ತು ಬ್ಯಾಟರಿ ಬೆಚ್ಚಗಿಡುವ ಹೀಟರಿಗೆ ಸಿಗುತ್ತದೆ. ಬೆಚ್ಚಗಾದ ಮೇಲೆ ಸಣ್ಣ ಪ್ರಸಾರಕ ತಾನಾಗಿ ಮಾತಾಡುತ್ತದೆ. ಇದು ಮಾವನ ಲೆಕ್ಕಾಚಾರ. ಮೇಲಿನವರನ್ನು ಕೇಳೋಣವೆಂದರೆ ಉಪಗ್ರಹ ಮೂರು ನಿಮಿಷದಲ್ಲಿ ಮರೆಯಾಗುತ್ತದೆ. ಮಾವ ಗುಂಡಿ ಒತ್ತಿದರು. ದೊಡ್ಡ ದನಿ ನಿಂತಿತು. ಉಳಿದ ಮೂರು ನಿಮಿಷ ಕೋಣೆಯಲ್ಲಿ ಫ್ಯಾನಿನ ಸದ್ದು ಬಿಟ್ಟು ಬೇರೇನೂ ಇರಲಿಲ್ಲವಂತೆ.

ಅಂದು ಸಂಜೆಯೊಳಗೆ ನಿಮ್ಮ ಹಿಂದಿನವರು ಉಪಗ್ರಹ ಸತ್ತಿತೆಂದು ಘೋಷಿಸಿದರು. ಇಷ್ಟು ಬೇಗ ನಿಮ್ಮ ಕಚೇರಿಯಲ್ಲಿ ಇನ್ಯಾವ ಕೆಲಸವೂ ಆದದ್ದನ್ನು ನಾನು ಕೇಳಿಲ್ಲ.

ಆದರೆ ಟೇಪು ಓಡಿಸುವುದನ್ನು ನಿಲ್ಲಿಸಲು ಲಿಖಿತ ಆದೇಶ ಬೇಕಿತ್ತು. ಆ ಆದೇಶ ಟೈಪಾಗಿ, ತಿದ್ದುಪಡಿಯಾಗಿ, ಮತ್ತೆ ಟೈಪಾಗಿ ಅತ್ತೆಯ ಕೈಗೆ ಬರಲು ಆರು ದಿನ ಹಿಡಿಯಿತು. ಆ ಆರು ದಿನವೂ ಅವಳು ನಿಯಮದಂತೆ ದಿನಕ್ಕೆ ಎರಡು ಸುರುಳಿ ಏರಿಸಿದಳು, ಇಳಿಸಿದಳು. ಟೇಪು ಸರಿಯಾಗಿ ಓಡುತ್ತಿದೆಯೇ ಎಂದು ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಕೇಳುವುದೂ ನಿಯಮವೇ. ಮೊದಲನೇ ದಿನವೇ ಅವಳಿಗೆ ಕೇಳಿಸಿತು: ದೂರದ ಜೀರುಂಡೆಯ ಹಾಗೆ, ಎರಡು ಸೆಕೆಂಡಿಗೊಮ್ಮೆ, ತೆಳ್ಳಗೆ, ತಪ್ಪದೆ. ಸಣ್ಣ ಪ್ರಸಾರಕ. ಓಡಿಹೋಗಿ ಮೇಲಧಿಕಾರಿಗೆ ಹೇಳಿದಳು. ಅವರು ಕನ್ನಡಕ ತೆಗೆದು ಒರೆಸಿಕೊಂಡು, "ನೋಡಮ್ಮ, ಉಪಗ್ರಹ ಸತ್ತಿದೆ ಅಂತ ನಿನ್ನೆನೇ ಬರೆದು ಕಳಿಸಿಯಾಗಿದೆ. ನೀನು ಕೇಳಿಸ್ಕೊಂಡಿದ್ದು ಬೇರೆ ಏನೋ ಇರಬೇಕು" ಎಂದರು. ಟೇಪುಗಳನ್ನು, ಅವುಗಳಿಂದ ಅಂಕಿ ತೆಗೆದು ಲೆಕ್ಕ ಹಾಕುವ ವಿಭಾಗಕ್ಕೆ ಕಳಿಸಿದರೆ, ಸತ್ತ ಮೇಲಿನ ಟೇಪು ನಮಗೇಕೆ ಎಂದು ಅವರು ಡಬ್ಬಿ ಬಿಚ್ಚದೆ ವಾಪಸು ಕಳಿಸಿದರು. ಹನ್ನೆರಡು ಸುರುಳಿಗಳು ಉಗ್ರಾಣ ಸೇರಿದವು. ಉಪಗ್ರಹ ಯಾವತ್ತು ಸತ್ತಿತೋ ಯಾರಿಗೂ ಗೊತ್ತಿಲ್ಲ ಮಾನ್ಯರೇ. ನೀವು ಕೇಳುವುದನ್ನು ಯಾವತ್ತು ನಿಲ್ಲಿಸಿದಿರಿ ಎನ್ನುವುದು ಮಾತ್ರ ಗೊತ್ತು.

ಮಾವನನ್ನು ಆ ಮೇಜಿನಿಂದ ಎಬ್ಬಿಸಿ, ಸಂಸ್ಥೆಯ ಟೆಲಿಫೋನ್ ಪಟ್ಟಿ ಅಚ್ಚು ಹಾಕಿಸುವ ವಿಭಾಗಕ್ಕೆ ಹಾಕಿದರು. ಮೂವತ್ತು ವರ್ಷ ಅವರು ಯಾರ ನಂಬರು ಬದಲಾಯಿತು ಎಂದು ತಿದ್ದಿಕೊಂಡಿದ್ದರು. ಕ್ಯಾಂಟೀನಿನಲ್ಲಿ ಅವರಿಗೆ ಸ್ವಿಚ್ಚಪ್ಪ ಎಂದು ಹೆಸರು ಬಿತ್ತು. ವಸತಿಗೃಹಗಳಲ್ಲಿ ಕರೆಂಟು ಹೋದಾಗಲೆಲ್ಲ, "ಸ್ವಿಚ್ಚಪ್ಪನ ಕೈ ಎಲ್ಲಿತ್ತು ನೋಡ್ರಪ್ಪ" ಎನ್ನುವುದು ಎಲ್ಲರಿಗೂ ತಮಾಷೆ. ಅಂಥವರನ್ನು ಯಾಕೆ ಮದುವೆಯಾಗುತ್ತೀ ಎಂದು ನಮ್ಮ ಅಜ್ಜಿ ಅತ್ತೆಯನ್ನು ಕೇಳಿದಾಗ, ಅವಳು ಹೇಳಿದ್ದು ಇಷ್ಟೇ: "ಆರು ದಿನ ನಾನು ಕೇಳಿದ್ದೀನಲ್ಲ ಅಮ್ಮ."

ಆ ಮನುಷ್ಯನಿಗೆ ಒಂದು ಅಭ್ಯಾಸ ಅಂಟಿಕೊಂಡಿತು. ಮನೆಯಲ್ಲಿ ಏನನ್ನು ಆರಿಸುವ ಮೊದಲೂ ಕೇಳುತ್ತಾರೆ. ಫ್ಯಾನಿರಲಿ, ದೀಪವಿರಲಿ, ಒಲೆಯ ಮೇಲಿನ ಹಾಲಿರಲಿ, ಸ್ವಿಚ್ಚಿನ ಮೇಲೆ ಬೆರಳಿಟ್ಟು "ಆಫ್ ಮಾಡ್ಲಾ?" ಎಂದು ನಿಲ್ಲುತ್ತಾರೆ. ಯಾರಾದರೂ ಹೂಂ ಎನ್ನುವವರೆಗೆ ಬೆರಳು ಅಲ್ಲೇ ಇರುತ್ತದೆ. ಮನೆಯಲ್ಲಿ ಯಾರೂ ಇಲ್ಲದಿದ್ದರೆ ದೀಪ ಉರಿಯುತ್ತಲೇ ಇರುತ್ತದೆ. ಹೋದ ವರ್ಷ ನೀವು ಹೊಳೆಯುವ ಕಾಗದದಲ್ಲಿ ಅಚ್ಚು ಹಾಕಿಸಿದ ಸುವರ್ಣ ಸಂಚಿಕೆಯಲ್ಲಿ, ಮೊದಲ ಉಪಗ್ರಹ 'ಮಾನವ ದೋಷದಿಂದಾಗಿ ನಲವತ್ತೊಂದನೇ ದಿನ ಸ್ತಬ್ಧವಾಯಿತು' ಎಂದಿದೆ. ತಮ್ಮ ಗಮನಕ್ಕೆ: ಆ ಮಾನವ ದೋಷಕ್ಕೆ ಈಗ ಎಪ್ಪತ್ತೆಂಟು ವರ್ಷ. ಮಂಡಿ ನೋವಿದೆ. ನಿಮ್ಮ ಸಂಚಿಕೆಯನ್ನು ಅದು ಪೂರ್ತಿ ಓದಿ, ಮುಚ್ಚಿ, ಕಪಾಟಿನ ಮೇಲಿಟ್ಟು, ಆ ದಿನ ಊಟ ಬೇಡವೆಂದಿತು.

ಇನ್ನು ನಿಮ್ಮ ಘನಕಾರ್ಯಕ್ಕೆ ಬರೋಣ. ಮೊದಲ ಉಪಗ್ರಹದವೂ ಆಮೇಲಿನವುಗಳವೂ ಸೇರಿ ಹಳೆಯ ಟೇಪುಗಳನ್ನೆಲ್ಲ ಡಿಜಿಟಲ್ ಮಾಡಿಸಲು ನೀವು ಒಂದು ಕಂಪನಿಗೆ ಒಪ್ಪಿಸಿದಿರಿ. ಒಳ್ಳೆಯದೇ. ಅವರು ಇಪ್ಪತ್ತು ಸುರುಳಿ ಆರಿಸಿಕೊಂಡು, ಅಂಟಂಟಾಗಿದ್ದ ಟೇಪನ್ನು ಹದವಾದ ಬಿಸಿಯಲ್ಲಿ ಒಣಗಿಸಿ, ಹಳೆಯ ಯಂತ್ರವೊಂದನ್ನು ರಿಪೇರಿ ಮಾಡಿ ಓಡಿಸಿದರು. ಇಪ್ಪತ್ತರಲ್ಲೂ ಗದ್ದಲ. ನೀವು 'ಓದಲಾಗದು' ಎಂದು ಷರಾ ಬರೆದಿರಿ. ಇಪ್ಪತ್ತು ಓದಲಾಗದಿದ್ದರೆ ನಾನೂರ ಹನ್ನೆರಡೂ ಓದಲಾಗದು ಎಂದು ಗುಜರಿಗೆ ಬರೆದಿರಿ. ಗದ್ದಲವನ್ನು ಇಟ್ಟುಕೊಳ್ಳಲು ನಿಯಮವಿಲ್ಲವೆಂದು ಕಂಪ್ಯೂಟರಿನಲ್ಲಿದ್ದ ಪ್ರತಿಗಳನ್ನೂ ಅಳಿಸಿಹಾಕಿಸಿದಿರಿ.

ಪತ್ರಿಕೆಯ ಮೂಲೆಯಲ್ಲಿ ನಿಮ್ಮ ವಿಲೇವಾರಿ ಪ್ರಕಟಣೆ ನೋಡಿದ ಅತ್ತೆ, ಓದಿ ಮುಗಿಸಿ ಕೇಳಿದ ಮೊದಲ ಪ್ರಶ್ನೆ, "ಯಾವ ಕಡೆಯಿಂದ ಹಾಕಿದ್ರಂತೆ?"

ವಿಷಯ ಬಹಳ ಸರಳ. ನಿಮ್ಮ ಆ ಕೇಂದ್ರದಲ್ಲಿ ಟೇಪು ಓಡಿ ಮುಗಿದ ಮೇಲೆ ಹಿಂದಕ್ಕೆ ಸುತ್ತುತ್ತಿರಲಿಲ್ಲ. ಯಂತ್ರ ಹಿಂದಕ್ಕೆ ಸುತ್ತುವಾಗ ಜೋರಾಗಿ ಸುತ್ತುತ್ತದೆ, ಟೇಪು ಏರುಪೇರಾಗಿ ಕೂತು ವರ್ಷಗಟ್ಟಲೆ ಇಟ್ಟಾಗ ಅಂಚು ಮುದುಡುತ್ತದೆ. ಅದಕ್ಕೆ ಮುಗಿದದ್ದನ್ನು ಮುಗಿದ ಹಾಗೆಯೇ, ಕೊನೆಯ ತುದಿ ಹೊರಗೆ ಬರುವಂತೆ ಇಡುತ್ತಿದ್ದರು. 'ಬಾಲ ಹೊರಗೆ' ಎನ್ನುತ್ತಿದ್ದರು. ಬಾಲ ಯಾವುದೆಂದು ತಿಳಿಯಲು ತುದಿಗೆ ಒಂದು ಗೇಣು ನೀಲಿ ಪಟ್ಟಿ. ಮತ್ತೆ ಕೇಳಬೇಕೆಂದರೆ ಮೊದಲು ನಿಧಾನವಾಗಿ ಇನ್ನೊಂದು ಸುರುಳಿಗೆ ಸುತ್ತಿಕೊಂಡು, ಆಮೇಲೆ ಓಡಿಸಬೇಕು. ನಿಮ್ಮವರು ಆ ನೀಲಿ ಪಟ್ಟಿಯನ್ನು ಯಾರೋ ಹರಿದಲ್ಲಿ ಹಚ್ಚಿದ ತೇಪೆ ಎಂದುಕೊಂಡು ಕತ್ತರಿಸಿ ಬಿಸಾಡಿ, ಬಾಲದಿಂದ ತಲೆಯ ಕಡೆಗೆ ಓಡಿಸಿದರು. ಪುಸ್ತಕವನ್ನು ಕೊನೆಯ ಅಕ್ಷರದಿಂದ ಮೊದಲ ಅಕ್ಷರದವರೆಗೆ ಓದಿ, ಬರೆದವನಿಗೆ ಅಕ್ಷರಜ್ಞಾನವಿಲ್ಲ ಎಂದು ತೀರ್ಪು ಕೊಟ್ಟ ಹಾಗಾಯಿತು. 'ಓದಲಾಗದು' ಎನ್ನುವ ಷರಾವನ್ನು ನೀವು ಟೇಪಿನ ಡಬ್ಬಿಯ ಮೇಲೆ ಯಾಕೆ ಅಂಟಿಸಿದಿರಿ? ಅಂಟಿಸಬೇಕಾದ ಜಾಗ ಬೇರೆಯಿತ್ತಲ್ಲವೇ?

ಇದನ್ನು ಹೇಳಲು ನಾವು ನಿಮ್ಮ ಕಚೇರಿಗೆ ಮೂರು ಸಲ ಬಂದೆವು. ನಿಮ್ಮ ಬಾಗಿಲಿನ ಹೊರಗೆ ಮೂರು ಕುರ್ಚಿಗಳಿವೆ, ನಡುವಿನದರ ಕಾಲಿಗೆ ಹಳೆಯ ಕಡತವೊಂದನ್ನು ಆಸರೆ ಕೊಟ್ಟಿದ್ದಾರೆ. ನಿಮ್ಮಲ್ಲಿ ಹಳೆಯ ದಾಖಲೆ ಕೆಲಸಕ್ಕೆ ಬಂದದ್ದನ್ನು ನಾನು ಕಂಡದ್ದು ಅಲ್ಲೊಂದೇ. ಮೊದಲ ಸಲ ನೀವು ಮೀಟಿಂಗಿನಲ್ಲಿದ್ದಿರಿ. ಎರಡನೇ ಸಲ ಮೀಟಿಂಗಿಗೆ ಹೊರಟಿದ್ದಿರಿ. ಮೂರನೇ ಸಲ ನಿಮ್ಮ ಗುಮಾಸ್ತರು ಅರ್ಜಿ ತೆಗೆದುಕೊಂಡು, "ಅಜ್ಜಿ, ಟೇಪನ್ನ ಯಾವ ಕಡೆಯಿಂದ ಹಾಕಿದ್ರೂ ಅದರಲ್ಲಿ ಇರೋದೇ ತಾನೆ ಬರೋದು?" ಎಂದರು.

ಅತ್ತೆ, "ಹೌದಪ್ಪ. ನಿನ್ನ ಅಂಗಿ ಹಿಂದುಮುಂದಾಗಿ ಹಾಕ್ಕೊಂಡು ಬಾ, ಅದೇ ಅಂಗಿ ತಾನೆ" ಎಂದಳು.

ಹದಿನೈದು ದಿನಕ್ಕೆ ನಿಮ್ಮ ಉತ್ತರ ಬಂತು: 'ತಾಂತ್ರಿಕ ಪರಿಣತರಲ್ಲದವರ ಅಭಿಪ್ರಾಯವನ್ನು ಪರಿಗಣಿಸಲು ಅವಕಾಶವಿರುವುದಿಲ್ಲ.' ಮೂವತ್ತನಾಲ್ಕು ವರ್ಷ ನಿಮ್ಮ ಟೇಪು ಸುತ್ತಿದವಳು ಪರಿಣತಳಲ್ಲ. ಬಾಲವನ್ನು ತಲೆ ಎಂದುಕೊಂಡವರು ಪರಿಣತರು. ಈ ವ್ಯತ್ಯಾಸವನ್ನು ಯಾವ ಪರೀಕ್ಷೆಯಲ್ಲಿ ಕಲಿಸುತ್ತಾರೆ ಎಂದು ತಿಳಿಸಿದರೆ ನಾವೂ ಕಟ್ಟಿ ಪಾಸಾಗುತ್ತೇವೆ.

ನಿಮಗಿಂತ ಆ ಕಂಪನಿಯ ಎಂಜಿನಿಯರ್ ಹುಡುಗಿ ವಾಸಿ. ಅವಳು ಯಾರೆಂದು ಹೇಳುವುದಿಲ್ಲ. ನೀವು ಟೆಲಿಫೋನ್ ಪಟ್ಟಿಯ ವಿಭಾಗವನ್ನು ಮತ್ತೆ ತೆರೆದರೆ ಕಷ್ಟ. ಪರೀಕ್ಷೆಗೆ ತಂದ ಸುರುಳಿಗಳಲ್ಲಿ ಒಂದು ಇನ್ನೂ ಅವರ ಪ್ರಯೋಗಾಲಯದಲ್ಲಿತ್ತು. ನಾವು ಹುಡುಕಿಕೊಂಡು ಹೋದಾಗ, ಒಂದು ಮಧ್ಯಾಹ್ನ ಅವಳು ಅತ್ತೆಯನ್ನು ಯಂತ್ರದ ಪಕ್ಕ ಕೂರಿಸಿಕೊಂಡಳು. ಕಿಟಕಿಯಿಲ್ಲದ ಸಣ್ಣ ಕೋಣೆ, ಸ್ಪಿರಿಟ್ಟಿನ ವಾಸನೆ, ಮೇಜಿನ ಮೇಲೆ ಹತ್ತಿಯ ಉಂಡೆಗಳು. ಅತ್ತೆ ಯಂತ್ರವನ್ನು ಮುಟ್ಟಲಿಲ್ಲ, ಹೇಳುತ್ತಾ ಹೋದಳು. "ನಿಧಾನ. ಇನ್ನೂ ನಿಧಾನ. ಅದಕ್ಕೂ ವಯಸ್ಸಾಗಿದೆ." ಇನ್ನೊಂದು ಸುರುಳಿಗೆ ಸುತ್ತಲು ನಲವತ್ತು ನಿಮಿಷವಾಯಿತು. ಆಮೇಲೆ ಓಡಿಸಿದರು. ಪರದೆಯ ಮೇಲೆ ಅಂಕಿಗಳು ಸಾಲಾಗಿ ಬಂದು ನಿಂತವು. ಒಂಬತ್ತನೇ ದಿನ, ಸಂಜೆಯ ಪಾಳಿ, ಬ್ಯಾಟರಿಯ ಬಿಸಿ ಇಷ್ಟು, ಬಿಸಿಲು ಬಿದ್ದ ಕಡೆ ಇಷ್ಟು, ನೆರಳಿನ ಕಡೆ ಇಷ್ಟು. ಹುಡುಗಿ ಡಬ್ಬಿಯ ಮೇಲಿನ ಚೀಟಿಗೂ ಪರದೆಗೂ ತಾಳೆ ನೋಡಿದಳು. ಆಮೇಲೆ, "ಅಮ್ಮ, ನಾವು ಆ ನೀಲಿ ಪಟ್ಟಿ ಕತ್ತರಿಸಿದ್ವಿ" ಎಂದಳು. "ಹೋಗ್ಲಿ ಬಿಡು. ನಿನಗೆ ಯಾರು ಹೇಳಿಕೊಟ್ಟಿದ್ರು?" ಎಂದಳು ಅತ್ತೆ.

ಹುಡುಗಿ ಅಂದೇ, ತನ್ನ ಹೆಸರು ಹಾಕದೆ ಕಂಪನಿಯ ಹೆಸರಲ್ಲಿ, ನಿಮಗೆ ವರದಿ ಕಳಿಸಿದಳು. 'ಪರೀಕ್ಷೆಯ ಅವಧಿ ಮುಗಿದಿದೆ' ಎಂದು ನೀವು ಒಂದೇ ಸಾಲು ಬರೆದಿರಿ. ಮಾನ್ಯರೇ, ಒಂಬತ್ತನೇ ದಿನದ ಸುರುಳಿ ಮಾತಾಡಿತು. ನಲವತ್ತೊಂದರ ಆಚೆಯ ಹನ್ನೆರಡು ಸುರುಳಿಗಳು ಉಗ್ರಾಣದಲ್ಲಿ ಇನ್ನೂ ಬಾಲ ಹೊರಗಿಟ್ಟು ಕೂತಿವೆ. ಬ್ಯಾಟರಿ ಬೆಚ್ಚಗಾಗಿತ್ತೋ ಇಲ್ಲವೋ ಎಂದು ಲೋಕದಲ್ಲಿ ಹೇಳಬಲ್ಲವು ಅವು ಮಾತ್ರ. ಅವು ಗುಜರಿಗೆ ಹೋದರೆ, ನನ್ನ ಮಾವ ಸ್ವಿಚ್ಚಪ್ಪನಾಗಿಯೇ ಸಾಯುತ್ತಾರೆ. ಅದನ್ನು ತಪ್ಪಿಸಲು ಬೇಕಾದದ್ದು ಒಂದು ಯಂತ್ರ, ಒಂದು ವಾರ, ಸರಿಯಾದ ತುದಿ. ನೀವು ಮೂರನ್ನೂ ನಿರಾಕರಿಸಿದ್ದೀರಿ. ತಪ್ಪು ಒಪ್ಪಿಕೊಳ್ಳುವುದಕ್ಕಿಂತ ಸಾಕ್ಷಿಯನ್ನು ಕರಗಿಸುವುದು ಸಲೀಸು ಎಂದೇ?

ನಾನು ಕೇಳುವುದು ಇಷ್ಟು. ಗುಜರಿ ಆದೇಶವನ್ನು ಹಿಂದೆಗೆದುಕೊಳ್ಳಿ. ಆ ಹನ್ನೆರಡು ಸುರುಳಿಗಳನ್ನು ಮೊದಲು, ಉಳಿದ ನಾನೂರನ್ನು ಆಮೇಲೆ, ಬಾಲವನ್ನು ಬಾಲವೆಂದು ತಿಳಿದು ಓಡಿಸಿ. ಓಡಿಸುವಾಗ ನನ್ನ ಅತ್ತೆ ಕೋಣೆಯಲ್ಲಿರಲಿ, ಕಿವಿಗೆ ಹೆಡ್‌ಫೋನ್ ಕೊಡಿ. ಮಾವನ ಲೆಕ್ಕಾಚಾರ ತಪ್ಪೆಂದು ಅವು ಹೇಳಿದರೆ ನಾವು ಬಾಯಿ ಮುಚ್ಚಿಕೊಂಡು ಮನೆಗೆ ಹೋಗುತ್ತೇವೆ. ಸರಿಯೆಂದು ಹೇಳಿದರೆ, ಸಂಚಿಕೆಯ ಆ ಸಾಲನ್ನು ಹೊಡೆದುಹಾಕಿ, ಅದೇ ಹೊಳೆಯುವ ಕಾಗದದಲ್ಲಿ ಬೇರೆ ಸಾಲು ಅಚ್ಚು ಹಾಕಿಸಿ.

ನಿಮ್ಮ ಉಗ್ರಾಣದ ಗೇಟಿನಿಂದ ಇಷ್ಟರಲ್ಲಿ ನಿಮಗೆ ಫೋನು ಬಂದಿರಬೇಕು. ಏನಾಯಿತೆಂದು ನಾನೇ ಹೇಳುತ್ತೇನೆ. ನಿನ್ನೆ, ಭಾನುವಾರ ಸಂಜೆ, ನಮ್ಮ ಬಡಾವಣೆಯ ವಾಚನಾಲಯದಲ್ಲಿ ಅತ್ತೆ ಈ ಕಥೆಯನ್ನು ಇಪ್ಪತ್ತು ಜನರ ಮುಂದೆ ಹೇಳಿದಳು. ಮಾವ ಬರುವುದಿಲ್ಲ ಎಂದವರು ಬಂದು, ಕೊನೆಯ ಬೆಂಚಿನಲ್ಲಿ ಪತ್ರಿಕೆ ಬಿಡಿಸಿಕೊಂಡು ಕೂತಿದ್ದರು. ಒಂದು ಪುಟವನ್ನೂ ತಿರುಗಿಸಲಿಲ್ಲ. ಕಥೆ ಮುಗಿದಾಗ ಮುಂದಿನ ಸಾಲಿನಿಂದ ಒಬ್ಬ ಲಾರಿ ಡ್ರೈವರ್ ಎದ್ದ. ನಮ್ಮ ಬೀದಿಯವನೇ. "ಅಕ್ಕ, ನಾಳೆ ಬೆಳಿಗ್ಗೆ ನಾನು ಗುಜರಿಗೆ ಹೊರಬೇಕಾದ ಲೋಡು ಇದೇನಾ?" ಎಂದು ಕೇಳಿದ. ಇದೇ ಎಂದಳು ಅತ್ತೆ. ಅವನು ಟವೆಲು ಕೊಡವಿಕೊಂಡು ಹೊರಟುಹೋದ.

ಇಂದು ಬೆಳಿಗ್ಗೆ ನಿಮ್ಮವರು ಹೇಳಿದ ಹೊತ್ತಿಗೇ ಅವನು ಬಂದ. ಲಾರಿಯನ್ನು ಉಗ್ರಾಣದ ಗೇಟಿಗೆ ಅಡ್ಡಲಾಗಿ, ಒಂದು ಸೈಕಲ್ಲೂ ತೂರದ ಹಾಗೆ ನಿಲ್ಲಿಸಿ, ಎಂಜಿನ್ ಓಡುತ್ತಿರುವಂತೆಯೇ ಬಿಟ್ಟು ಇಳಿದ. ನಿನ್ನೆ ಕಥೆ ಕೇಳಿದ ಇಪ್ಪತ್ತೂ ಜನ ಅಷ್ಟು ಹೊತ್ತಿಗೆ ಗೇಟಿನ ಬಳಿ ಇದ್ದರು. ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಮಾವನೂ ಇದ್ದರು. ಡ್ರೈವರ್ ಅವರ ಹತ್ತಿರ ಹೋಗಿ, "ಯಜಮಾನ್ರೇ, ನಾನು ಟೀ ಕುಡಿದು ಬರ್ತೀನಿ. ಗಾಡಿ ನೋಡ್ಕೊಳ್ಳಿ" ಎಂದು ನಡೆದುಬಿಟ್ಟ. ಮಾವ ಮಂಡಿ ಹಿಡಿದುಕೊಂಡು, ಎರಡು ಸಲ ಜಾರಿ, ಮೂರನೇ ಸಲಕ್ಕೆ ಲಾರಿ ಹತ್ತಿದರು. ಕೀಲಿಯ ಮೇಲೆ ಬೆರಳಿಟ್ಟರು. ನಾವೆಲ್ಲ ಅವರು ಕೇಳುವುದನ್ನು ಕಾಯುತ್ತಿದ್ದೆವು. ಅತ್ತೆ ಹೂಂ ಎನ್ನಲು ಬಾಯಿ ತೆರೆದಿದ್ದಳು.

ಅವರು ಯಾರನ್ನೂ ಕೇಳಲಿಲ್ಲ. ಆಫ್ ಮಾಡಿ, ಕೀಲಿಯನ್ನು ಜೇಬಿಗೆ ಹಾಕಿಕೊಂಡರು.

ಕೀಲಿ ಅಲ್ಲೇ ಇದೆ ಮಾನ್ಯರೇ. ಹನ್ನೆರಡು ಸುರುಳಿ ಕೇಳಿಸಿ, ತೆಗೆದುಕೊಂಡು ಹೋಗಿ.

ಇಂತಿ,
ತಾಂತ್ರಿಕ ಪರಿಣತನಲ್ಲದ, ಆದರೂ ಎರಡೂ ಕಿವಿ ಇನ್ನೂ ನೆಟ್ಟಗಿರುವ,
ನಿಮ್ಮ 'ಮಾನವ ದೋಷ'ದ ಹೆಂಡತಿಯ ಅಣ್ಣನ ಮಗ